ಒಂದು ಎಚ್ ಹೆಚ್ಚು

ಬೈತಖೋಲ ಬಂದರಿನಲ್ಲಿ ಅಪ್ಪ
ಹಡಗೇರುವ ಅದಿರಿನ ಲೆಕ್ಕ ಬರೆದವ.
ತೂಗದೆ ಏನೂ ದಾಟುತ್ತಿರಲಿಲ್ಲ.

ನನ್ನದಕ್ಕೆ ತಕ್ಕಡಿಯಿಲ್ಲ.
ರಾತ್ರಿ ಹನ್ನೊಂದಕ್ಕೆ ಕಿವಿಯೊಳಗೆ ಡಬ್ಲಿನ್ನಿನ ಡಾಕ್ಟರು:
ಯಾರದೋ ಎಡ ಶ್ವಾಸಕೋಶ, ನಡುನಡುವೆ ಅವರದೇ ಕೆಮ್ಮು.
ಕೆಮ್ಮು ಬಿಟ್ಟು ಉಳಿದದ್ದು ಟೈಪಿಸುತ್ತೇನೆ.
ಕಾರವಾರದಲ್ಲಿ ಕರೆಂಟು ಹೋದರೆ
ಲ್ಯಾಪ್‌ಟಾಪ್ ಅವಚಿಕೊಂಡು ಐಸ್ ಕಾರ್ಖಾನೆಗೆ ಓಟ.
ಜನರೇಟರಿರುವುದು ಅಲ್ಲೊಂದೇ, ಅದೂ ಬಂಗಡೆಗಾಗಿ.

ದುಡ್ಡು ಬಂತು, ದಡ ಹತ್ತಲಿಲ್ಲ.
ಕಳಿಸಿದವರ ಕಾಗದದಲ್ಲಿ
ತಾಂಡೇಲಕ್ಕೆ ಒಂದು ಎಚ್ ಹೆಚ್ಚು.
ಬ್ಯಾಂಕಿನ ಶಾನಭಾಗರು ಫಾರಂ ತಿರುವಿ ಕೇಳಿದರು:
"ಇಲ್ಲಿಂದ ಹೋದ ಮಾಲು ಯಾವುದು?"
"ಕೇಳಿಸಿಕೊಂಡದ್ದು," ಅಂದೆ.
ಕನ್ನಡಕ ಒರೆಸಿದರು. ಪಟ್ಟಿಯುದ್ದಕ್ಕೂ ಬೆರಳಾಡಿಸಿ
'ಇತರೆ' ಎಂದು ಬರೆದರು.

ಇವತ್ತೂ ಹನ್ನೊಂದು.
ಡಾಕ್ಟರ ಕೆಮ್ಮು ಮೊನ್ನೆಗಿಂತ ಒಣಗಿದೆ.
ತೋರಿಸಿಕೊಳ್ಳಿ ಎನ್ನಬೇಕು;
ಕರಾರಿನಲ್ಲಿ ನನಗೆ ಬಾಯಿಲ್ಲ.