ಇಪ್ಪತ್ಮೂರನೇ ಸಾಲು

ಮುಧೋಳ ಬಸ್‌ಸ್ಟ್ಯಾಂಡಿನ ಹಿಂದ, ಹಿಟ್ಟಿನ ಗಿರಣಿ ಮಗ್ಗಲಕ
ನನ್ನ ಅಂಗಡಿ. ನದಾಫ ಝೆರಾಕ್ಸ್.
ನಮ್ಮಜ್ಜ ಹತ್ತಿ ಹಿಂಜತಿದ್ದ. ನಾ ನಿಯಮ ಹಿಂಜ್ತೀನಿ,
ಗಂಟು ಬಿಡಿಸಿ, ಹಗೂರ ಮಾಡಿ,
ಪುಟಕ್ಕ ಎರಡು ರೂಪಾಯಿ.

ಸೀಟು ಹಂಚಿದ ದಿನ ಸಂಜೀಮುಂದ ಬಂದ್ಲು
ಲಗಮವ್ವ ತಳವಾರ. ಅಜ್ಜಿ ಹೆಸರು, ಹದಿನೆಂಟರ ಹುಡುಗಿ.
ಚಪ್ಪಲಿಗೆ ಕಬ್ಬಿನ ಹೊಲದ ಕೆಸರು,
ಓಡಣಿಗೆ ನಾಯಿ ಕೂದಲು.
ಅವರಪ್ಪ ಸಾಕಿದ ಬ್ಯಾಟಿನಾಯಿ ಈಗ ಮೂರು.
ನಾಕನೇದು, ಹೆಣ್ಣನಾಯಿ, ಹೋದ ವರ್ಷ
ಮರಿ ಹಾಕೂವಾಗ ಸತ್ತಿತ್ತು,
ಡಾಕ್ಟರು ಜಮಖಂಡಿಯಿಂದ ಬರೂದರಾಗ.
ಅವತ್ತಽ ಬರದಿದ್ಲಂತ ನೋಟಬುಕ್ಕಿನ ಕಡೀ ಪುಟದಾಗ:
ಪಶುವೈದ್ಯ.

ನಂಬರು ಒತ್ತಿದೆ. ಗುಂಡನ್ನ ಚಕ್ರ ತಿರಗಿತು, ತಿರಗಿತು,
ಗಿರಣಿ ಸಪ್ಪಳಾನೂ ನಿಂತಂಗ ಅನಿಸಿತು.
ಆಮ್ಯಾಲ ಬಂತು:
ಮೀನುಗಾರಿಕೆ ವಿಜ್ಞಾನ. ಮಂಗಳೂರು.

"ಮೀನಾ?" ಅಂದ್ಲು.
ಸಮುದ್ರ ನೋಡದಾಕಿ. ಘಟಪ್ರಭಾ ತುಂಬಿದಾಗ
ಸೇತುವಿ ಮ್ಯಾಲ ನಿಂತು ನೋಡಿದ್ದಽ ಆಕಿ ಸಮುದ್ರ.
"ಹಂಗಾರ ನಾ ಅವರಿಗೆ ಬ್ಯಾಡಾಗೇನಿ ಅನ್ರಿ."

ಹಂಗಲ್ಲ ತಂಗಿ, ಅಂದೆ. ಬ್ಯಾಡ ಅನ್ನಾಕ ಅಲ್ಲಿ ಯಾರೂ ಕುಂತಿಲ್ಲ.
ನಿನ್ನ ರ‍್ಯಾಂಕು, ಬುಟ್ಟಿ ಹೊತ್ತು ಕಾಯಿಪಲ್ಲೆ ಮಾರೂವಾಕಿಯಂಗ,
ನೀ ಬರಕೊಟ್ಟ ಯಾದಿ ಹಿಡದು ಬಾಗಿಲಾ ಬಡಕೋತ ಹೋಗೇತಿ.
ಬೀದರ ತುಂಬಿತ್ತು. ಹಾಸನ ತುಂಬಿತ್ತು, ಗದಗ ತುಂಬಿತ್ತು.
ಅಥಣಿ ಇಲ್ಲೇ ಮಗ್ಗಲಕ, ಕೂಗಿದರ ಕೇಳತೈತಿ, ಅದೂ ತುಂಬಿತ್ತು.
ಬಾಗಿಲಾ ತಗದದ್ದು ಇಪ್ಪತ್ಮೂರನೇದು.

ಪ್ರಿಂಟೌಟಿನ ಮ್ಯಾಲ ಬೆರಳಿಟ್ಟು ಎಣಿಸಿದ್ಲು.
ಇಪ್ಪತ್ತೆರಡಕ್ಕ ನಿಂತ್ಲು.
"ಇದನ್ನ ನಾ ಬರಸಿಲ್ಲ ಅಣ್ಣಾ."

ಗಂಟಲಾಗ ಜೋಳದ ಹಿಟ್ಟು ಹೊಕ್ಕಂಗಾತು.
ಗದ್ದಲದ ದಿನ, ಹಿಂದ ಹನ್ನೆರಡು ಮಂದಿ ಪಾಳೇದಾಗ,
ಸಾಲು ಖಾಲಿ ಬಿಡಬಾರದು ಅಂತ
ನಾನಽ ತುಂಬಿದ್ದೆ. ಮೀನು ನನ್ನ ಬೆರಳಿಂದು.

ಹೇಳಿದೆ. ಆಕಿ ಸಿಟ್ಟಾಗಲಿಲ್ಲ.
ಅದು ಇನ್ನೂ ವಜ್ಜಾತು.

ನಾಳೆ ಹನ್ನೊಂದರ ತನಕ ನಾಕು ದಾರಿ ಕೊಟ್ಟಾರ, ಅಂದೆ.
ಒಂದು ಒತ್ತಿದರ ಮೀನು ನಿಂದು. ಫೀ ಕಟ್ಟು, ಟ್ರಂಕು ಕಟ್ಟು.
ಎರಡಂದರ ಮೀನು ಕೈಯಾಗ ಹಿಡಕೊಂಡಽ
ಮುಂದಿನ ಸುತ್ತಿಗೆ ಕುಂದ್ರೂದು. ಮ್ಯಾಲಿನದು ಸಿಕ್ಕರ
ಇದು ಜಾರಿ ಹೋಗತೈತಿ, ತಿರುಗಿ ಕೇಳಾಕ ಬರಾಂಗಿಲ್ಲ.
ಮೂರು... ಮೂರರ ಮಾತು ಹೇಳಾಕೂ ಧೈರ್ಯ ಬೇಕು.
ಬರಿಗೈಲೆ ಕಾಯೂದು.
ನಾಕಂದರ ಎದ್ದು ಹೋಗೂದು.
(ನಾಕು ನಾ ಒತ್ತೀನಿ. ನನ್ನ ಕಾಲದಾಗ ಅದಕ್ಕ ನಂಬರು ಇದ್ದಿಲ್ಲ.)

ಭಾಳ ಹೊತ್ತು ಸುಮ್ಮನ ಕುಂತ್ಲು.
ಹೊರಗ ಯಾರೋ ಆಧಾರ್ ಝೆರಾಕ್ಸ್ ಕೇಳಿ ಬೇಜಾರಾಗಿ ಹೋದರು.
"ಮೀನಿಗೂ ಬ್ಯಾನಿ ಬರ್ತಾವೇನ್ರಿ?"

ನನಗ ಗೊತ್ತಿದ್ದಿಲ್ಲ. ಇಬ್ಬರೂ ಕೂಡಿ ಹುಡುಕಿದ್ವಿ.
ಬರ್ತಾವ. ಕಿವುರು ಬೆಳ್ಳಗಾಕ್ಕಾವ, ಮೈಮ್ಯಾಲ ಹುಣ್ಣು,
ದಂಡಿಗೆ ಬಂದು ಬರೇ ಬಾಯಿ ತಗೀತಾವ.
"ಒದರಾಕೂ ಬರಾಂಗಿಲ್ಲ ಅವಕ್ಕ" ಅಂದ್ಲು,
ನನಗಲ್ಲ, ಮತ್ತ ಯಾರಿಗೋ ಹೇಳಿದಂಗ.

"ಎರಡು ಒತ್ರಿ."

ಒತ್ತಿದೆ. ಓಟಿಪಿ ಹೋತು ಅವರಪ್ಪನ ಫೋನಿಗೆ.
ಆತ ನಾಯಿ ಓಡಸಾಕ ಹೊಳಿ ಕಡೆ ಹೋಗಿದ್ದ.
ಅಕ್ಷರ ಬರಾಂಗಿಲ್ಲ, ಅಂಕಿ ಬರತಾವ,
ಕಬ್ಬಿನ ತೂಕದ ಚೀಟಿ ಓದಿ ಓದಿ ಕಲತದ್ದು.
"ಏಳು" ಅಂದ. ಗಾಳಿ.
"ಸೊನ್ನಿ." ನಾಯಿ ಬೊಗಳಿದವು. "ಇನ್ನೊಂದು ಸೊನ್ನಿ."
ಮುಂದ ಕೇಳಸಲಿಲ್ಲ. ವ್ಯಾಳೆ ತೀರಿತು.

ಮತ್ತ ಕಳಸ್ರಿ, ಅಂದ್ಲು ಲಗಮವ್ವ,
ಫೋನು ಕಿವಿಗೆ ಒತ್ತಿ ಹಿಡದು:
"ಯಪ್ಪಾ, ಮೊದಲ ಅವನ್ನ ಕುಂದ್ರಸು.
ಆರು ಅಂಕಿ ಅದಾವ. ಸಾವಕಾಶ ಓದು."