ಹಲ್ಲು ತೋರಿಸಬ್ಯಾಡ

ಬ್ಯಾಡಗಿಯಲ್ಲಿ ಆಗ ಎಲ್ಲರೂ ಸೀನುತ್ತಿದ್ದೆವು.
ಮಗ್ಗಿಯ ನಡುವೆ ಮಾಸ್ತರರು,
ಟಿಕೆಟ್ಟು ಹರಿಯುತ್ತ ಕಂಡಕ್ಟರು,
ಅಕ್ಷತೆಯ ಹೊತ್ತಿಗೆ ಸರಿಯಾಗಿ ಅಯ್ಯನವರು.
ಸೀನದೇ ಇದ್ದವು ಮುಸ್ಯಾಗಳು ಮಾತ್ರ.
ಕೋಲ್ಡ್ ಸ್ಟೋರೇಜಿನ ತಗಡಿನ ಮೇಲೆ ಸಾಲಾಗಿ ಕೂತು
ಕೆಳಗಿನ ಕೆಂಪು ಕಣವನ್ನು
ಅಡತಿ ಅಂಗಡಿಯ ಗುಮಾಸ್ತರ ಹಾಗೆ ನೋಡುತ್ತಿದ್ದವು.

ಒಮ್ಮೆ ಒಂದು ಮರಿ ಕಾಯಿ ಕಚ್ಚಿತು.
ತಾಯಿ ಅದರ ಬಾಯೊಳಗೆ ಬೆರಳು ಹಾಕಿ ಬೀಜ ಬೀಜ ತೆಗೆಯಿತು.
ಅಂದಿನಿಂದ ಅವು ಕೆಂಪು ಮುಟ್ಟಲಿಲ್ಲ.
ನಮಗೆ ಆ ಸವಲತ್ತು ಇರಲಿಲ್ಲ.

ಅವ್ವ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು,
ಕಿಲೋಕ್ಕೆ ಇಷ್ಟು ಅಂತ.
ಸಂಜೆ ಆಕೆಯ ಬೆರಳು ಗಲ್ಲಕ್ಕೆ ತಾಗಿದರೆ
ಮುದ್ದೋ ಉರಿಯೋ ತಿಳಿಯುತ್ತಿರಲಿಲ್ಲ.
ಸಾಲಿ ಸೂಟಿ ಇದ್ದ ದಿನ ಬುತ್ತಿ ಒಯ್ಯುವ ಪಾಳಿ ನನ್ನದು:
ಎರಡು ರೊಟ್ಟಿ, ಪುಂಡಿಪಲ್ಯ,
ಅರಿವೆಯ ತುದಿಗೆ ಕಟ್ಟಿದ ಒಂದು ಉಳ್ಳಾಗಡ್ಡಿ.

ದಾರಿಯ ಶಾಸ್ತ್ರ ಹೇಳಿಕೊಟ್ಟವಳು ಫಕ್ಕೀರವ್ವ,
ಎಡಗಿವಿ ಹರಿದವಳು.
(ಬೆಂಡೋಲಿ ಜಗ್ಗಿ ಹರಿದದ್ದು ಎಂದು ಆಕೆ,
ಮುಸ್ಯಾ ಹರಿದದ್ದು ಎಂದು ಓಣಿ.)
"ಓಡಬ್ಯಾಡ. ಓಡಿದ್ರ ನೀ ಎಷ್ಟರಾಂವ ಅಂತ ಅದಕ್ಕ ಗೊತ್ತಾಕ್ಕೈತಿ.
ಕಲ್ಲಿಗೆ ಬಗ್ಗಬ್ಯಾಡ. ಕಣ್ಣಾಗ ಕಣ್ಣಿಡಬ್ಯಾಡ.
ಏನರ ಆಗ್ಲಿ, ಹಲ್ಲು ಮಾತ್ರ ತೋರಿಸಬ್ಯಾಡ.
ನಮಗ ಅದು ನಗಿ. ಅದಕ್ಕ ಅದು ಜಗಳ."

ಹಳಿ ದಾಟಿದ ಮೇಲೆ, ಹುಣಸೆಮರದ ಕೆಳಗೆ,
ದಾರಿಯ ನಟ್ಟನಡುವೆ ಅದು ಕೂತಿತ್ತು.
ಹಿಂದೆ ಮಣ್ಣಿನಲ್ಲಿ ಬಾಲ,
ಯಾರೋ ಬಿಚ್ಚಿಟ್ಟು ಮರೆತ ರುಮಾಲಿನ ಹಾಗೆ.
ಅದರ ಕೈ ನನ್ನ ಕೈಗಿಂತ ಸ್ವಚ್ಛವಾಗಿತ್ತು.
ನಿಂತೆ. ಕಣ್ಣನ್ನು ಅದರ ಹೆಬ್ಬೆರಳಿನ ಮೇಲಿಟ್ಟೆ.
ಎಲ್ಲ ಶಾಸ್ತ್ರದ ಪ್ರಕಾರ.
ಆದರೆ ಅಂಜಿಕೆಗೆಂದು ನನ್ನ ಹತ್ತಿರ ಒಂದೇ ಮುಖವಿತ್ತು:
ಮಾಸ್ತರರು ಛಡಿ ಹುಡುಕುವಾಗ,
ದುಕಾನಿನಲ್ಲಿ ನಾಕಾಣೆ ಕಮ್ಮಿ ಬಿದ್ದಾಗ,
ಅವ್ವನ ಕಾಯಿ ತೂಗುತ್ತ ಸಾಹುಕಾರ
ತಕ್ಕಡಿಯ ಅಡಿಗೆ ಕಾಲಬೆರಳು ಕೊಟ್ಟಾಗ
ಹಾಕಿಕೊಳ್ಳುತ್ತಿದ್ದ ಮುಖ.

ನಕ್ಕೆ.

ಆಮೇಲಿನದು ತುಂಡುತುಂಡು.
ಕೆಮ್ಮಿನಂಥ ಒಂದು ಸದ್ದು.
ಹೆಗಲ ಮೇಲೆ ತೂಕ, ಅಪ್ಪ ಎಂದೋ ಕೈ ಇಟ್ಟಿದ್ದನಲ್ಲ, ಅಷ್ಟೇ.
ಕಪಾಳಕ್ಕೆ ಒಂದು ಏಟು, ಉಗುರಿಲ್ಲದ್ದು,
ಮನೆಯವರು ಹೊಡೆದಂಥದ್ದು.
ಗಂಟು ಹರಿಯಲಿಲ್ಲ, ಬಿಚ್ಚಿತು.
ರೊಟ್ಟಿ ಎತ್ತಿಕೊಂಡಿತು, ಪುಂಡಿಪಲ್ಯ ಮೂಸಿ ಬಿಟ್ಟಿತು,
ಉಳ್ಳಾಗಡ್ಡಿ ನನ್ನ ಕಾಲ ಹತ್ತಿರ ಉರುಳಿ ಬಂತು.

ಅವತ್ತು ಅವ್ವ ಉಳ್ಳಾಗಡ್ಡಿ ತಿಂದು ನೀರು ಕುಡಿದಳು.
"ಕಚ್ಚೇತೇನು?" ಅಂತಷ್ಟೇ ಕೇಳಿ
ಕೈ ತೊಳೆದು, ಮತ್ತೊಮ್ಮೆ ತೊಳೆದು, ಸೆರಗಿಗೆ ಒರೆಸಿ
ನನ್ನ ಗಲ್ಲ ಮುಟ್ಟಿದಳು.
ಉರಿಯಲಿಲ್ಲ. ಉರಿದಿದ್ದರೂ ಸ್ವಲ್ಪ.

ಏಳನೇ ಇಯತ್ತೆಯ ಗ್ರೂಪ್ ಫೋಟೋ ಇದೆ ನನ್ನ ಹತ್ತಿರ.
ಎರಡನೇ ಸಾಲು, ಇಮಾಮಸಾಬನ ಪಕ್ಕ,
ತುಟಿ ಹೊಲಿದುಕೊಂಡವನು ನಾನು.
ಕ್ಯಾಮೆರಾದ ಪತ್ತಾರ ಮೂರು ಸಲ ಅಂದ, "ಏ ತಮ್ಮಾ, ಸ್ವಲ್ಪ ನಗೋ."
ಲಗ್ನದ ಆಲ್ಬಮ್ಮಿನಲ್ಲೂ ಅದೇ.
ಹೆಂಡತಿ ಇವತ್ತಿಗೂ ಕೇಳುತ್ತಾಳೆ,
ಮನಸ್ಸಿಲ್ಲದ ಲಗ್ನವಾಗಿತ್ತೇನು ನಿಮಗೆ?

ಆಕೆಗೆ ಹುಣಸೆಮರದ್ದು ಹೇಳಿದ್ದೇನೆ. ಇದನ್ನು ಹೇಳಿಲ್ಲ:
ಅದೇ ವಾರ ಸಾಹುಕಾರ ಮತ್ತೆ ತಕ್ಕಡಿಗೆ ಕಾಲು ಕೊಟ್ಟ.
ಈ ಸಲ ನಾನು ನಗಲಿಲ್ಲ.
ಅವನ ಹೆಬ್ಬೆರಳನ್ನೇ ನೋಡುತ್ತ ನಿಂತೆ, ತುಟಿ ಬಿಗಿದು.
ಅವನು ಕಾಲು ತೆಗೆದ ಎಂದರೆ ಕಥೆಯಾಗುತ್ತದೆ.
ತೆಗೆಯಲಿಲ್ಲ.
ಸೀನಿದ, ಅಷ್ಟೇ.
ಆ ಒಂದು ಸೀನಿಗೆ ಕಾಲು ಜಾರಿ
ಮುಳ್ಳು ಚಣಹೊತ್ತು ಸರಿಯಾದ ತೂಕ ತೋರಿಸಿತು.
ಅವ್ವ ನೋಡಿದಳು. ನಾನು ನೋಡಿದೆ.
ತಗಡಿನ ಮೇಲಿಂದ ಅವೂ ನೋಡಿದವು,
ಯಾರೊಬ್ಬರೂ ಹಲ್ಲು ತೋರಿಸದೆ.