ತಾಳೆಯಾಗುವವರೆಗೆ

ಮೂವತ್ತೊಂದು ವರ್ಷ ಊರವರ ಮೀಟರು ಓದಿದವನು ನಾನು,
ನಾಪೋಕ್ಲು ಸೆಕ್ಷನ್,
ಕೈಯಲ್ಲಿ ಟಾರ್ಚು, ಕಂಕುಳಲ್ಲಿ ನಾಯಿಗೊಂದು ಕೋಲು.
ಆದ್ದರಿಂದ ಸಫೂರ ಬಂದು
"ಅಂಕಲ್, ನಿಮ್ಮ ಕಂಪ್ಯೂಟರು ದಿನಕ್ಕೆ ಇಪ್ಪತ್ತು ಗಂಟೆ ಸುಮ್ಮನೆ ಕೂತಿರುತ್ತೆ,
ಅದನ್ನೂ ಸ್ವಲ್ಪ ಕೆಲಸಕ್ಕೆ ಕಳಿಸಿ" ಅಂದಾಗ
ಮೊದಲು ಕೇಳಿದ್ದು: ಯೂನಿಟ್ ಎಷ್ಟು?

ಅವಳು ವಿರಾಜಪೇಟೆ ಆಸ್ಪತ್ರೆಯ ಲ್ಯಾಬಿನವಳು,
ಗಾಜಿನ ತುಂಡಿನ ಮೇಲೆ ದಿನವಿಡೀ ಬೇರೆಯವರ ಜ್ವರ ನೋಡುವವಳು.
ಹೇಳಿದಳು: ಒಂದು ದೊಡ್ಡ ಲೆಕ್ಕ ಇದೆ,
ಒಂದೇ ಯಂತ್ರ ಮಾಡಹೊರಟರೆ ಅದರ ಜನ್ಮ ಸಾಲದು.
ಚೂರು ಮಾಡಿ ಹಂಚುತ್ತಾರೆ, ಮನೆಮನೆಗೆ ಒಂದೊಂದು ಹಿಡಿ.
"ಓ, ಮುಯ್ಯಾಳು" ಅಂದೆ.
"ಮುಯ್ಯಿ ತೀರಿಸೋಕೆ ಯಾರೂ ಬರಲ್ಲ ಅಂಕಲ್."
"ಹಾಗಾದರೆ ಮುಯ್ಯಲ್ಲ. ಬೇರೆ ಹೆಸರು ಹುಡುಕೋಣ."
ಇನ್ನೂ ಹುಡುಕಿಲ್ಲ.

ಮೊದಲು ಪೆಟ್ಟಿಗೆ ಬಿಚ್ಚಿಸಿದಳು.
ಫ್ಯಾನಿನ ಮೇಲೆ ಹನ್ನೊಂದು ವರ್ಷದ ಧೂಳು,
ಕಾಗದದಷ್ಟು ತೆಳುವಾದ ಒಂದು ಹಲ್ಲಿ.
ಬ್ರಷ್ಷು ನನ್ನ ಹಳೆಯ ಶೇವಿಂಗಿನದು.
ಇಳಿಸಿಕೊಳ್ಳುವುದಕ್ಕೆ ಮಧ್ಯಾಹ್ನ ಪೂರ್ತಿ ಹೋಯಿತು,
ಸಿಗ್ನಲ್ ಎರಡು ಕಡ್ಡಿ, ಲಾರಿ ಹೋದರೆ ಒಂದು.
ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು,
ಯಾವ ಕೆಲಸ ಬೇಕು ಅಂತಲೂ ಕೇಳಿತು,
ನನ್ನನ್ನು ಹಾಗೆ ಯಾರೂ ಕೇಳಿದ್ದಿಲ್ಲ:
ನಕ್ಷತ್ರದ ಮಿಣುಕು, ಉದ್ದುದ್ದ ಸಂಖ್ಯೆಗಳು, ಹವಾಮಾನ, ರೋಗ.
ನಕ್ಷತ್ರದ ಮೇಲೆ ಬೆರಳು ಒಂದು ಗಳಿಗೆ ನಿಂತದ್ದು ನಿಜ.
ಸಫೂರಳ ಮುಖ ನೋಡಿ ರೋಗ ಒತ್ತಿದೆ.

"ಪೂರ್ತಿ ಕೊಡಬೇಡಿ," ಅಂದಳು.
ನಾಲ್ಕು ಕೋರಿನಲ್ಲಿ ಎರಡು.
ನೀವು ಮೌಸ್ ಮುಟ್ಟಿದರೆ ಅದು ಕೈಕಟ್ಟಿ ನಿಲ್ಲಬೇಕು.

ಸ್ಟೂಲು ಹಾಕಿ ನನ್ನದೇ ಮೀಟರಿನ ಮುಂದೆ ಕೂತೆ.
ದಿನಕ್ಕೆ ಒಂದೂವರೆ ಯೂನಿಟ್.
"ಇಷ್ಟಕ್ಕೆ ಸಿಗೋದೇನು?" ಬೊಳ್ಳಮ್ಮ.
"ಪಾಯಿಂಟು."
"ಚೇಂಬಂಡ ಅಂಗಡಿಯಲ್ಲಿ ನಡೆಯುತ್ತಾ?"
ಬೆಕ್ಕು ಮಾತ್ರ ಏನೂ ಕೇಳಲಿಲ್ಲ;
ಡಿಸೆಂಬರ್, ಒಲೆದಂಡೆ ಬಿಟ್ಟು ಪೆಟ್ಟಿಗೆಯ ಮೇಲೆ ಮಲಗಿತು.

ಅರವತ್ತೆರಡು ಪರ್ಸೆಂಟಿಗೆ ಕರೆಂಟು ಹೋಯಿತು.
ಹೋಯಿತು, ಎಲ್ಲ ಹೋಯಿತು ಅಂದುಕೊಂಡೆ.
ಬಂದಮೇಲೆ ಅರವತ್ತೊಂದರಿಂದ ಎತ್ತಿಕೊಂಡಿತು, ಬೇಸರವಿಲ್ಲದೆ.
ಬರೆದವರಿಗೆ ನಮ್ಮ ಫೀಡರಿನ ಬುದ್ಧಿ ಗೊತ್ತಿರಬೇಕು.

ನಾಲ್ಕನೆಯ ದಿನ ಲೆಕ್ಕ ಮುಗಿಯಿತು, ಹೋಗಿ ಸೇರಿತು.
ಪಾಯಿಂಟು ಸೊನ್ನೆ.
ಸಫೂರ ಫೋನಿನಲ್ಲಿ ನಕ್ಕಳು:
ಅದೇ ಚೂರನ್ನು ಇನ್ನೊಬ್ಬರಿಗೂ ಕೊಟ್ಟಿರುತ್ತಾರೆ,
ಎರಡು ಉತ್ತರ ತಾಳೆಯಾದರೆ ಮಾತ್ರ ನಂಬುತ್ತಾರೆ.

ಆಗ ಕಕ್ಕಬ್ಬೆ ರಸ್ತೆಯ ಆ ಮನೆ ನೆನಪಾಯಿತು.
ಕಂದು ನಾಯಿ, ಸರಪಳಿ ಇಲ್ಲ.
ಮೂರು ತಿಂಗಳು ಗೇಟಿನ ಈಚೆಯೇ ನಿಂತು ರೀಡಿಂಗ್ ಬರೆದೆ,
ಹಿಂದಿನ ತಿಂಗಳಿಗೆ ಅಂದಾಜು ಒಂದಿಷ್ಟು ಸೇರಿಸಿ.
ತಾಳೆ ನೋಡುವವರು ಯಾರಿರಲಿಲ್ಲ.
ಅವರು ಮಾತಾಡದೆ ಕಟ್ಟಿದರು.
ಬೊಳ್ಳಮ್ಮನಿಗೂ ಹೇಳಿಲ್ಲ ಇದನ್ನು.

ನನ್ನ ಜೊತೆಯವನಿಗೆ ಹೆಸರಿಲ್ಲ, ಎಂಟಂಕಿಯ ಒಂದು ಸಂಖ್ಯೆ.
ಉತ್ತರ ಇನ್ನೂ ಬಂದಿಲ್ಲ.
ಅಲ್ಲಿಯೂ ಲೈನಿನ ಮೇಲೆ ಮರ ಬಿದ್ದಿರಬಹುದು.
ಯಾರೋ ಗೊತ್ತಿಲ್ಲದೆ ಸ್ವಿಚ್ಚು ಒತ್ತಿರಬಹುದು.
"ಗಡುವು ದಾಟಿದರೆ ಮೂರನೆಯವರಿಗೆ ಕೊಡ್ತಾರೆ, ಬಿಡಿ."
"ಇನ್ನೂ ಐದು ದಿನ ಇದೆಯಲ್ಲ," ಅಂದೆ.

ರಾತ್ರಿ ಎದ್ದಾಗ ಹೋಗಿ ನಿಲ್ಲುತ್ತೇನೆ.
ಪರದೆ ಕಪ್ಪು. ನೋಡಬೇಕೆಂದರೆ ಮೌಸ್ ಮುಟ್ಟಬೇಕು,
ಮುಟ್ಟಿದರೆ ಕೆಲಸ ನಿಲ್ಲುತ್ತದೆ.
ಮುಟ್ಟುವುದಿಲ್ಲ.
ಹಳೆಯ ಮೀಟರಿನ ಚಕ್ರಕ್ಕೆ ಕಿವಿಗೊಟ್ಟ ಹಾಗೆ
ಫ್ಯಾನಿನ ಸದ್ದಿಗೆ ಕಿವಿಗೊಡುತ್ತೇನೆ.
ಬೆಕ್ಕು ಒಂದು ಕಣ್ಣು ತೆರೆದು,
ಗುರುತು ಹಿಡಿದು, ಮುಚ್ಚುತ್ತದೆ.